ಒಂದೂವರೆ ಲಕ್ಷ ಮೈಲಿ ಓಡಿದ ಎರಡು ಬಾಗಿಲ ಕಾರು

ನಮ್ಮ ಕಡೆ ಕಾರಿನ ಮಾತು ಬಂದರೆ ಮೊದಲ ಪ್ರಶ್ನೆ ‘ಮೈಲೇಜ್ ಎಷ್ಟು ಕೊಡುತ್ತೆ?’ ಎಂಬುದು. ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಅದರ ಅರ್ಥ. ಅಮೆರಿಕದಲ್ಲಿ ಹಳೇ ಕಾರು ಮಾರುವವರು ‘ಹೈ ಮೈಲೇಜ್’ ಎಂದು ಬರೆದರೆ ಗಾಡಿ ಬಹಳ ಓಡಿದೆ ಎಂದರ್ಥ. ಹೋದ ವರ್ಷ ನಮ್ಮ ಅಕ್ಕನ ಮಗ ಫೋನ್ ಮಾಡಿ, ‘ಮಾವ, ನನ್ನ ಬಜೆಟ್ಟಿಗೆ ಒಂದು ನಿಸಾನ್ 350ಝಡ್ ಇದೆ, ಆದರೆ ಹೈ ಮೈಲೇಜು’ ಎಂದ. ಅದೇ ಸುದ್ದಿ ದೊಡ್ಡಬಳ್ಳಾಪುರದಲ್ಲಿರುವ ಅಕ್ಕನಿಗೂ ಮುಟ್ಟಿತ್ತು. ‘ಪೆಟ್ರೋಲ್ ಉಳಿಯುತ್ತಲ್ಲ, ತಗೊಳ್ಳಲಿ ಬಿಡೋ’ ಎಂದಳು. ಒಂದೇ ಮಾತು, ತಾಯಿಗೆ ಒಂದು ಅರ್ಥ, ಮಗನಿಗೆ ಇನ್ನೊಂದು. ಇಬ್ಬರಿಗೂ ಬಿಡಿಸಿ ಹೇಳಲು ಹೋಗಿ ಈ ಅಂಕಣಕ್ಕೆ ವಿಷಯ ಸಿಕ್ಕಿತು.

ಹುಡುಗ ಇಲ್ಲೇ ಓಹಾಯೊದ ಕೊಲಂಬಸ್‌ನಲ್ಲಿ ಎಂ.ಎಸ್. ಮುಗಿಸಿ ಮೊದಲ ಕೆಲಸಕ್ಕೆ ಸೇರಿದ್ದ. ಸಾಲ ತೀರಿಸುತ್ತಲೇ ಕೂಡಿಟ್ಟದ್ದು 9 ಸಾವಿರ ಡಾಲರ್. ಆ ದುಡ್ಡಿಗೆ ಒಂದು ಹಳೇ ಕೊರೊಲಾ ಕೊಂಡರೆ ಯಾರಿಗೂ ಚಿಂತೆಯಿಲ್ಲ. ಅವನಿಗೆ ಬೇಕಾದದ್ದು ಎರಡು ಬಾಗಿಲಿನ, ತಗ್ಗಿನಲ್ಲಿ ಕೂತು ಓಡಿಸುವ ಸ್ಪೋರ್ಟ್ಸ್ ಕೂಪೆ. ಹೈಸ್ಕೂಲಿನಲ್ಲಿದ್ದಾಗ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆಯುತ್ತಿದ್ದುದೂ ಇದೇ ಚಿತ್ರ. ಇಂಥ ಆಸೆಯನ್ನು ಹುಡುಗಾಟ ಎಂದು ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ. ದುಡಿದ ದುಡ್ಡಿನಲ್ಲಿ ಮನಸ್ಸಿಗೆ ಹಿಡಿಸಿದ ಗಾಡಿ ಓಡಿಸುವ ಸಂತೋಷ ದೊಡ್ಡದು. ಆ ಸಂತೋಷ ಆರು ತಿಂಗಳಿಗೇ ಗ್ಯಾರೇಜಿನ ಬಿಲ್ಲಿನಲ್ಲಿ ಮುಳುಗಬಾರದು, ಅಷ್ಟೇ ನನ್ನ ಕಾಳಜಿ.

ಮೊದಲು ಲೆಕ್ಕ. 350ಝಡ್ 2003ರ ಮಾದರಿಯಾಗಿ ಅಮೆರಿಕದ ಮಾರುಕಟ್ಟೆಗೆ ಬಂದಾಗ ಆರಂಭದ ಬೆಲೆ 26 ಸಾವಿರ ಡಾಲರ್ ಆಸುಪಾಸು. ಇಪ್ಪತ್ತು ವರ್ಷ ಕಳೆದು, ಒಂದೂವರೆ ಲಕ್ಷ ಮೈಲಿ, ಅಂದರೆ ಹೆಚ್ಚುಕಡಿಮೆ ಎರಡು ಲಕ್ಷ ನಲವತ್ತು ಸಾವಿರ ಕಿಲೋಮೀಟರ್ ಓಡಿದ ಮೇಲೆ ಅದರ ಬೆಲೆ ಕಾಲುಭಾಗಕ್ಕೆ ಇಳಿಯುತ್ತದೆ. ಅದರ ಕ್ಲಚ್ ಪ್ಲೇಟಿನ ಬೆಲೆ ಇಳಿಯುವುದಿಲ್ಲ. ಬ್ರೇಕು, ಸಸ್ಪೆನ್ಷನ್ ಬುಷ್, ಟೈರು, ಮೆಕ್ಯಾನಿಕ್ಕಿನ ಕೂಲಿ ಎಲ್ಲವೂ ಹೊಸ ಕಾರಿನ ಯಜಮಾನ ಕೊಡುವಷ್ಟೇ. ಅಗ್ಗವಾದದ್ದು ಕಾರು ಮಾತ್ರ, ಅದನ್ನು ಸಾಕುವ ಖರ್ಚು ಹಾಗೇ ನಿಂತಿದೆ. ಹಾಗಾಗಿ 9 ಸಾವಿರ ಇದ್ದವನು 9 ಸಾವಿರದ ಕಾರು ನೋಡಕೂಡದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಇಲ್ಲಿ ಇನ್ನೂ ಸ್ವಲ್ಪ ಬಿಗಿ ಮಾಡಿ, ಕಾಲನ್ನು ಒಂದು ಗೇಣು ಹಿಂದಕ್ಕೇ ಎಳೆದುಕೊಳ್ಳಬೇಕು. ಕಾರಿಗೆ ಆರೂವರೆ ಸಾವಿರ, ಉಳಿದದ್ದು ಮೊದಲ ವರ್ಷದ ರಿಪೇರಿಗೆ, ತೆರಿಗೆಗೆ, ಇನ್ಶೂರೆನ್ಸಿಗೆ ಎಂದು ಗೆರೆ ಎಳೆದೆವು.

ಆ ಬೆಲೆಗೆ ಕಣ್ಣು ಕುಕ್ಕುವ ಗಾಡಿಗಳು ಬೇಕಾದಷ್ಟು ಸಿಗುತ್ತವೆ. ಅವುಗಳಲ್ಲೆಲ್ಲ ಹುಡುಗರನ್ನು ಹೆಚ್ಚು ಸೆಳೆಯುವುದು ಮಾಜ್ದಾ ಆರ್‌ಎಕ್ಸ್-8. ಅದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಅದರ ಇಂಜಿನ್ನಿನಲ್ಲಿ ಮೇಲೆ ಕೆಳಗೆ ಆಡುವ ಪಿಸ್ಟನ್ ಇಲ್ಲ. ಮೂರು ಮೂಲೆಯ ಎರಡು ರೋಟರ್‌ಗಳು ಉಬ್ಬುಗೋಡೆಯ ಗೂಡಿನೊಳಗೆ ಸುತ್ತುತ್ತವೆ. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಹುಟ್ಟುಹಾಕಿದ ಈ ಬಗೆಯ ಇಂಜಿನ್ನನ್ನು ಬೇರೆ ಕಂಪನಿಗಳು ಕೈಬಿಟ್ಟರೂ ಮಾಜ್ದಾ ಹಠಹಿಡಿದು ಬೆಳೆಸಿತು, 1991ರಲ್ಲಿ ನಾಲ್ಕು ರೋಟರ್‌ಗಳ ಕಾರಿನಲ್ಲಿ ಲ ಮಾನ್ ಇಪ್ಪತ್ನಾಲ್ಕು ಗಂಟೆ ರೇಸನ್ನೂ ಗೆದ್ದಿತು. ಆರ್‌ಎಕ್ಸ್-8ರ ಇಂಜಿನ್ ಬರೀ 1.3 ಲೀಟರ್. ಆದರೆ ಗೇರ್ ಹಾಕುವ ಮಾದರಿ 9,000 ಆರ್‌ಪಿಎಂವರೆಗೆ ರೇಷ್ಮೆ ಎಳೆದಂತೆ ಏರುತ್ತದೆ. ಒಮ್ಮೆ ಓಡಿಸಿದವರು ಮರೆಯುವುದಿಲ್ಲ.

ತೊಂದರೆ ಇರುವುದು ರೋಟರಿನ ಆ ಮೂರು ಮೂಲೆಗಳಲ್ಲಿ. ಪ್ರತಿ ಮೂಲೆಯಲ್ಲೂ ಗೋಡೆಗೆ ಒತ್ತಿಕೊಂಡಿರುವ ಒಂದು ಸಣ್ಣ ಪಟ್ಟಿ, ಅಪೆಕ್ಸ್ ಸೀಲ್, ಇರುತ್ತದೆ. ಅದಕ್ಕೆ ಜಿಡ್ಡು ಬೇಕೆಂದು ಇಂಜಿನ್ ತಾನಾಗಿಯೇ ಒಂದಿಷ್ಟು ಆಯಿಲನ್ನು ಒಳಗೆ ಚಿಮುಕಿಸಿ ಸುಡುತ್ತದೆ. ಅಂದರೆ ಆಯಿಲ್ ಕುಡಿಯುವುದು ಇದರ ರೋಗವಲ್ಲ, ಹುಟ್ಟುಗುಣ. ಹಿಂದಿನ ಯಜಮಾನ ಅದನ್ನು ಅರಿಯದೆ ಆಯಿಲ್ ಮಟ್ಟ ನೋಡದೇ ಓಡಿಸಿದ್ದರೆ ಸೀಲು ಸವೆದು ಕಂಪ್ರೆಷನ್ ಬಿದ್ದುಹೋಗುತ್ತದೆ. ಆಮೇಲೆ ಬಿಸಿ ಇಂಜಿನ್ ಮತ್ತೆ ಸೆಲ್ಫ್ ಹೊಡೆದರೆ ಏಳುವುದಿಲ್ಲ. ದೂರುಗಳು ಹೆಚ್ಚಾಗಿ ಮಾಜ್ದಾ 2004ರಿಂದ 2008ರ ಮಾದರಿಗಳ ಇಂಜಿನ್ ವಾರಂಟಿಯನ್ನು 8 ವರ್ಷ ಅಥವಾ 1,00,000 ಮೈಲಿಗೆ ವಿಸ್ತರಿಸಬೇಕಾಯಿತು. ಆ ಅವಧಿ ಎಂದೋ ಮುಗಿದಿದೆ. ರೋಟರಿಗೆಂದೇ ಇರುವ ಉಪಕರಣದಲ್ಲಿ ಕಂಪ್ರೆಷನ್ ಅಳೆಸದೆ ಈ ಕಾರು ಕೊಳ್ಳಬಾರದು. ಪಿಸ್ಟನ್ ಇಂಜಿನ್ನಿನ ಸಾಮಾನ್ಯ ಗೇಜು ಇಲ್ಲಿ ಪೂರ್ತಿ ನಿಜ ಹೇಳುವುದಿಲ್ಲ, ಪ್ರತಿ ರೋಟರಿನ ಮೂರೂ ಮುಖಗಳ ಅಂಕಿ ಬೇರೆಬೇರೆಯಾಗಿ ಬೇಕು.

ಮಿಕ್ಕವುಗಳನ್ನು ಬೇಗ ಹೇಳಿಬಿಡುತ್ತೇನೆ. ಬಿಎಂಡಬ್ಲ್ಯು ಇ46 ಕೂಪೆಯ ಕೂಲೆಂಟ್ ಟ್ಯಾಂಕು, ಪೈಪಿನ ಜೋಡಣೆಗಳು ಪ್ಲಾಸ್ಟಿಕ್. ವಯಸ್ಸಾದಂತೆ ಬಿರಿಯುತ್ತವೆ, ಒಮ್ಮೆ ಇಂಜಿನ್ ಕಾದರೆ ಹೆಡ್ ಗ್ಯಾಸ್ಕೆಟ್ಟಿನ ತನಕ ಹೋಗುತ್ತದೆ. ಹಿಂದಿನ ಸಬ್‌ಫ್ರೇಮ್ ಕೂರುವ ತಳದ ತಗಡು ಸೀಳುವುದೂ ಉಂಟು. ತೊಂಬತ್ತರ ದಶಕದ ಕೊನೆಯಿಂದ ಕೆಲವು ವರ್ಷ ಬಂದ ಪೋರ್ಷೆ 911 ಮತ್ತು ಬಾಕ್ಸ್‌ಟರ್‌ಗಳಲ್ಲಿ ಐಎಂಎಸ್ ಬೇರಿಂಗ್ ಎಂಬ ಸಣ್ಣ ಭಾಗ ಮುರಿದರೆ ಇಡೀ ಇಂಜಿನ್ನೇ ಹೋಗುತ್ತದೆ. ಸುಬಾರು ಬಿಆರ್‌ಝಡ್ ಮತ್ತು ಅದರ ಜೋಡಿ ಸೈಯಾನ್ ಎಫ್‌ಆರ್-ಎಸ್ ನನಗೆ ಮೆಚ್ಚುಗೆಯ ಗಾಡಿಗಳೇ. ಆದರೆ ನಮ್ಮ ಆರೂವರೆ ಸಾವಿರಕ್ಕೆ ಕಂಡವೆಲ್ಲ ಗುದ್ದಿಸಿಕೊಂಡವು.

350ಝಡ್ ಉಳಿದುಕೊಂಡದ್ದಕ್ಕೆ ಕಾರಣವಿದೆ. ಅದರ ಮನೆತನ ದೊಡ್ಡದು. 1970ರಲ್ಲಿ ನಿಸಾನ್ ಡಾಟ್ಸನ್ 240ಝಡ್ ಹೆಸರಿನಲ್ಲಿ ಅಮೆರಿಕಕ್ಕೆ ತಂದ ಕಾರು ಮಧ್ಯಮವರ್ಗದವರಿಗೂ ಸ್ಪೋರ್ಟ್ಸ್ ಕಾರು ಎಟುಕಿಸಿತು. ಜಪಾನಿನಲ್ಲಿ ಅದಕ್ಕೆ ‘ಫೇರ್‌ಲೇಡಿ’ ಎಂದು ಹೆಸರು. ಆ ಹೆಸರು ಇಲ್ಲಿ ನಡೆಯದೆಂದು ಪಟ್ಟು ಹಿಡಿದು 240ಝಡ್ ಎಂದೇ ಮಾರಿಸಿದವರು ಅಮೆರಿಕದ ನಿಸಾನ್ ಮುಖ್ಯಸ್ಥರಾಗಿದ್ದ ಯುಟಾಕಾ ಕಟಾಯಾಮಾ. ನೂರೈದು ವರ್ಷ ಬಾಳಿದ ಅವರನ್ನು ಝಡ್ ಪ್ರಿಯರು ಇಂದಿಗೂ ‘ಮಿಸ್ಟರ್ ಕೆ’ ಎಂದೇ ನೆನೆಯುತ್ತಾರೆ. 350ಝಡ್ಡಿನಲ್ಲಿರುವುದು 3.5 ಲೀಟರಿನ ವಿ6, ಆರಂಭದ ಮಾದರಿಗೆ 287 ಅಶ್ವಶಕ್ತಿ. ಟೈಮಿಂಗ್ ಬೆಲ್ಟ್ ಬದಲು ಚೈನ್ ಇರುವುದರಿಂದ ಲಕ್ಷ ಮೈಲಿಗೆ ಬೆಲ್ಟ್ ಬದಲಿಸುವ ದೊಡ್ಡ ಖರ್ಚಿಲ್ಲ. ಇದೇ ಬಳಗದ ಇಂಜಿನ್ ನಿಸಾನಿನ ಸಾಮಾನ್ಯ ಸೆಡಾನ್‌ಗಳಲ್ಲೂ ಇದ್ದುದರಿಂದ ಕೆಲಸ ಗೊತ್ತಿರುವ ಮೆಕ್ಯಾನಿಕ್‌ಗಳು ಎಲ್ಲ ಊರಲ್ಲೂ ಸಿಗುತ್ತಾರೆ. ಇದರಲ್ಲೂ ಆರಿಸಬೇಕು. 2005-06ರ ‘ರೆವ್-ಅಪ್’ ಇಂಜಿನ್ ಆಯಿಲ್ ಕುಡಿಯುವುದಕ್ಕೆ ಹೆಸರಾದದ್ದು. 2007ರಿಂದೀಚಿನದಕ್ಕೆ 306 ಅಶ್ವಶಕ್ತಿ ಇದ್ದರೂ ಟೈಮಿಂಗ್ ಕವರಿನ ಹಿಂದಿನ ಗ್ಯಾಸ್ಕೆಟ್ ಸೀಳಿ ಆಯಿಲ್ ಪ್ರೆಶರ್ ಬೀಳುವ ಭಯವಿದೆ. ಹೀಗಾಗಿ 2004ರ ಆಸುಪಾಸಿನದೇ ಇರಲಿ ಎಂದೆವು. ಅಕ್ಕನ ಪ್ರಶ್ನೆಗೂ ಉತ್ತರ ಹೇಳಿದೆ: ಲೀಟರಿಗೆ ಎಂಟೂವರೆ ಕಿಲೋಮೀಟರ್ ಆಸುಪಾಸು, ಅದೂ ದುಬಾರಿಯ ಪ್ರೀಮಿಯಂ ಪೆಟ್ರೋಲ್ ಹಾಕಿದರೆ.

ಮೊದಲು ನೋಡಿದ್ದು ಊರಾಚೆಯ ಒಬ್ಬ ಡೀಲರ್ ಬಳಿ ಇದ್ದ ಕಪ್ಪು ಗಾಡಿ. ಓಡಿದ್ದು 71,000 ಮೈಲಿ ಮಾತ್ರ. ಪಾಲಿಶ್ ಹಾಕಿ ಮುಖ ಕಾಣುವಂತೆ ಮಾಡಿದ್ದರು, ಹುಡುಗ ಅಲ್ಲೇ ಸೋತುಹೋಗಿದ್ದ. ನಾನು ಬಾನೆಟ್ ಮೇಲೆ ಅಂಗೈ ಇಟ್ಟೆ. ಬಿಸಿಯಾಗಿತ್ತು. ನಾವು ಬರುವುದಕ್ಕೆ ಮುಂಚೆಯೇ ಸ್ಟಾರ್ಟ್ ಮಾಡಿ ಓಡಿಸಿಟ್ಟಿದ್ದರು. ‘ತಣ್ಣಗಿರಲಿ, ಮುಟ್ಟಬೇಡಿ’ ಎಂದು ಹಿಂದಿನ ದಿನವೇ ಹೇಳಿದ್ದೆವು. ರಾತ್ರಿಯಿಡೀ ನಿಂತ ಇಂಜಿನ್ ಬೆಳಿಗ್ಗೆ ಮೊದಲ ಸಲ ಏಳುವಾಗ ಎಲ್ಲವನ್ನೂ ಒಪ್ಪಿಕೊಳ್ಳುತ್ತದೆ: ಚೈನಿನ ಗಲಗಲ, ಆಯಿಲ್ ಸುಟ್ಟ ನೀಲಿ ಹೊಗೆ, ಕೂಲೆಂಟ್ ಒಳಗೆ ನುಗ್ಗಿದ್ದರೆ ನಿಲ್ಲದ ಬಿಳಿ ಹೊಗೆ. ಕಾದ ಮೇಲೆ ಇವುಗಳಲ್ಲಿ ಅರ್ಧಕ್ಕರ್ಧ ಅಡಗಿಹೋಗುತ್ತವೆ.

ಸ್ಟಿಯರಿಂಗ್ ಕೆಳಗಿನ ಕಿಂಡಿಗೆ ನನ್ನ ಪುಟ್ಟ ಸ್ಕ್ಯಾನರ್ ಸಿಕ್ಕಿಸಿದೆ. 1996ರಿಂದ ಅಮೆರಿಕದಲ್ಲಿ ಮಾರುವ ಎಲ್ಲ ಕಾರುಗಳಲ್ಲೂ ಒಬಿಡಿ-2 ಎಂಬ ಈ ಕಿಂಡಿ ಕಡ್ಡಾಯ, ಇಪ್ಪತ್ತು ಮೂವತ್ತು ಡಾಲರಿನ ಸ್ಕ್ಯಾನರ್ ಸಾಕು. ದೋಷದ ಕೋಡ್ ಒಂದೂ ಇರಲಿಲ್ಲ. ಹುಡುಗ ನನ್ನ ಮುಖ ನೋಡಿ ನಕ್ಕ. ನಾನು ಮುಂದಿನ ಪುಟ ತೆರೆದೆ. ಕ್ಯಾಟಲಿಸ್ಟ್, ಆಕ್ಸಿಜನ್ ಸೆನ್ಸರ್, ಪೆಟ್ರೋಲ್ ಆವಿ, ಮೂರರ ಮುಂದೆಯೂ ‘ಸಿದ್ಧವಿಲ್ಲ’ ಎಂದಿತ್ತು. ಕಾರಿನ ಕಂಪ್ಯೂಟರ್ ತನ್ನ ಭಾಗಗಳನ್ನು ಒಂದೊಂದಾಗಿ ಪರೀಕ್ಷಿಸಿ ಮುಗಿಸಲು ಕೆಲವು ದಿನ ಓಡಬೇಕು. ಕೋಡ್ ಅಳಿಸಿದ ಕೂಡಲೇ ಈ ಪರೀಕ್ಷೆಗಳೂ ಅಳಿದು ಮೊದಲಿನಿಂದ ಶುರುವಾಗುತ್ತವೆ. ಬ್ಯಾಟರಿ ತೆಗೆದು ಹಾಕಿದ್ದರೂ ಹೀಗಾಗಬಹುದು, ನಿಜ. ಆದರೆ ಬಿಸಿ ಬಾನೆಟ್ಟು, ಅಳಿಸಿದ ನೆನಪು, ಕಿಟಕಿಗೆ ಅಂಟಿಸಿದ್ದ ‘ಆಸ್ ಈಸ್’ ಚೀಟಿ ಮೂರೂ ಒಟ್ಟಿಗಿದ್ದವು. ಡೀಲರ್ ಮಾರುವ ಹಳೇ ಕಾರಿಗೆ ಈ ಚೀಟಿ ಕೇಂದ್ರ ಸರ್ಕಾರದ ನಿಯಮ. ‘ಆಸ್ ಈಸ್’ ಎಂದಿದ್ದರೆ ಗೇಟು ದಾಟಿದ ಮೇಲೆ ಕೆಟ್ಟದ್ದೆಲ್ಲ ಕೊಂಡವರ ತಲೆಗೆ. ನಾವು ವಾಪಸ್ ಬಂದೆವು. ದಾರಿಯುದ್ದಕ್ಕೂ ಹುಡುಗ ಮಾತಾಡಲಿಲ್ಲ. ಮನೆ ಹತ್ತಿರ ಬಂದಾಗ, ‘ಬರೀ ಎಪ್ಪತ್ತೊಂದು ಸಾವಿರ ಮಾವ’ ಎಂದ.

ಆ ‘ಬರೀ’ಯಲ್ಲೇ ಎಲ್ಲರೂ ಎಡವುವುದು. ನಮ್ಮ ತಾತ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು. ಆದರೆ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರಕ್ಕೆ ಕೂರುತ್ತಿದ್ದುದು ಎತ್ತನ್ನು ನಾಲ್ಕು ಸಲ ಹಿಂದೆ ಮುಂದೆ ನಡೆಸಿದ ಮೇಲೆಯೇ. ಓಡೋಮೀಟರ್ ಹಲ್ಲಿದ್ದ ಹಾಗೆ. ಇಪ್ಪತ್ತು ವರ್ಷದಲ್ಲಿ ಎಪ್ಪತ್ತು ಸಾವಿರ ಮೈಲಿ ಓಡಿದ ಕಾರು ಬಹುಕಾಲ ನಿಂತೇ ಇತ್ತು ಎಂದಾಯಿತು. ನಿಂತ ಗಾಡಿಯ ರಬ್ಬರ್ ಸೀಲುಗಳು ಒಣಗಿ ಬಿರಿಯುತ್ತವೆ, ಟ್ಯಾಂಕಿನ ಪೆಟ್ರೋಲ್ ಹಳಸುತ್ತದೆ, ಬ್ರೇಕ್ ಆಯಿಲ್ ತೇವ ಹೀರುತ್ತದೆ. ಹೆದ್ದಾರಿಯಲ್ಲಿ ಒಂದೇ ಹದದಲ್ಲಿ ದಿನಾ ಓಡಿ, ಹೊತ್ತುಹೊತ್ತಿಗೆ ಆಯಿಲ್ ಬದಲಿಸಿಕೊಂಡ ಒಂದೂವರೆ ಲಕ್ಷ ಮೈಲಿಯ ಇಂಜಿನ್ ಅದಕ್ಕಿಂತ ಗಟ್ಟಿಮುಟ್ಟಾಗಿರುವುದು ಅಪರೂಪವಲ್ಲ.

ಇನ್ನೊಂದು ವಿಷಯ ಬಹಳ ಜನಕ್ಕೆ ತಿಳಿದಿಲ್ಲ. ಓಡೋಮೀಟರ್ ತಿರುಗಿಸುವುದು ಅಮೆರಿಕದಲ್ಲಿ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಮಾರುವಾಗ ಅಂಕಿಯನ್ನು ಬರೆದು ಸಹಿ ಹಾಕಬೇಕು. ಆದರೆ 2010 ಮತ್ತು ಅದಕ್ಕೂ ಹಿಂದಿನ ಮಾದರಿಗಳಿಗೆ ಈ ಘೋಷಣೆಯಿಂದ ವಿನಾಯಿತಿ ಇದೆ, 2011ರಿಂದೀಚಿನವಕ್ಕೆ ಮಾತ್ರ ಇಪ್ಪತ್ತು ವರ್ಷದ ತನಕ ಅದು ಕಡ್ಡಾಯ. ಅಂದರೆ ನಮ್ಮ ಬಜೆಟ್ಟಿಗೆ ಸಿಗುವ ವಯಸ್ಸಿನ ಕಾರಿನ ಅಂಕಿಗೆ ಕಾಗದದ ಸಾಕ್ಷಿಯೇ ಇಲ್ಲದಿರಬಹುದು. ಕಾರಿನ ಹಿಂದಿನ ಚರಿತ್ರೆ ಹೇಳುವ ಕಾರ್‌ಫ್ಯಾಕ್ಸ್ ವರದಿ ತರಿಸಿದರೂ ಅದರಲ್ಲಿರುವುದು ಯಾರೋ ವರದಿ ಮಾಡಿದ್ದು ಮಾತ್ರ. ಕೈಯಿಂದ ದುಡ್ಡು ಕೊಟ್ಟು ಮಾಡಿಸಿದ ಟಿಂಕರಿಂಗ್ ಅಲ್ಲಿ ಕಾಣದೇ ಹೋಗಬಹುದು. ಹಾಗಾದರೆ ಯಾವುದನ್ನು ನಂಬುವುದು? ಗ್ಯಾರೇಜಿನ ಹಳೇ ರಸೀತಿಗಳನ್ನು. ಪ್ರತಿ ಆಯಿಲ್ ಬದಲಾವಣೆಯ ಚೀಟಿಯಲ್ಲೂ ತಾರೀಕು, ಅವತ್ತಿನ ಮೈಲಿ ಎರಡೂ ಇರುತ್ತವೆ. ಅಂಥ ನಲವತ್ತು ಚೀಟಿ ಸಾಲಾಗಿ ಜೋಡಿಸಿಟ್ಟರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಕಡಿಮೆ ದುಡ್ಡಿನಲ್ಲಿ ಹಳೇ ಸ್ಪೋರ್ಟ್ಸ್ ಕಾರು ಕೊಳ್ಳುವವರು ನಿಜವಾಗಿ ಕೊಳ್ಳುವುದು ಹಿಂದಿನ ಯಜಮಾನನ ಶಿಸ್ತನ್ನು ಎಂದು ಹುಡುಗನಿಗೆ ಮತ್ತೆ ಮತ್ತೆ ಹೇಳಿದೆ.

ಮೂರು ವಾರದ ನಂತರ ಅಂಥ ಒಬ್ಬರು ಸಿಕ್ಕರು. ನಿವೃತ್ತಿಯ ಹತ್ತಿರ ಬಂದ ಒಬ್ಬ ನರ್ಸ್. ಬೆಳ್ಳಿ ಬಣ್ಣದ 2004ರ ಕಾರು, 1,48,000 ಮೈಲಿ. ಹದಿನಾಲ್ಕು ವರ್ಷದಿಂದ ದಿನಾ ಆಸ್ಪತ್ರೆಗೆ ಹೋಗಿಬಂದದ್ದು ಇದರಲ್ಲೇ. ಚಾಲಕರ ಸೀಟಿನ ಎಡಪಕ್ಕ ಇಳಿದು ಹತ್ತಿ ಹತ್ತಿ ಬಿರಿದಿತ್ತು. ಗೇರ್ ಗುಬ್ಬಿಯ ಮೇಲಿನ ಅಂಕಿಗಳು ಮಾಸಿಹೋಗಿದ್ದವು. ಡಿಕ್ಕಿಯಲ್ಲಿ ಎಡದಿಂದ ಬಲಕ್ಕೆ ಹಾಯ್ದ ದಪ್ಪ ಕಬ್ಬಿಣದ ತೊಲೆಯ ಕೆಳಗೆ ಒಂದು ನೀಲಿ ಫೈಲು. ಹುಡುಗ ಕಾರಿನ ಸುತ್ತ ತಿರುಗುತ್ತಿದ್ದರೆ ನಾನು ಫೈಲು ಬಿಡಿಸಿ ಕೂತೆ. 2009ರಿಂದ ಒಂದೂ ವರ್ಷ ತಪ್ಪಿರಲಿಲ್ಲ. 1,12,000ಕ್ಕೆ ಕ್ಲಚ್ ಬದಲಿಸಿದ ಬಿಲ್ಲು ಸಿಕ್ಕಿತು, ಮುಂದಿನ ಚಕ್ರಗಳ ಸಸ್ಪೆನ್ಷನ್ ಬುಷ್ ಹಾಕಿಸಿದ್ದು ಸಿಕ್ಕಿತು. ಈ ಕಾರಿನಲ್ಲಿ ಬುಷ್ ಬಿರಿಯುವುದು ಸಾಮಾನ್ಯ.

ಕೀ ತಿರುಗಿಸಿ, ಸ್ಟಾರ್ಟ್ ಮಾಡದೆ ಒಂದು ಕ್ಷಣ ನಿಲ್ಲಿಸಲು ಹೇಳಿದೆ. ಇಂಜಿನ್ ದೀಪ ಹತ್ತಲೇಬೇಕು. ಹತ್ತದಿದ್ದರೆ ಯಾರೋ ಬಲ್ಬ್ ಕಿತ್ತಿದ್ದಾರೆ. ಹತ್ತಿತು, ಸ್ಟಾರ್ಟ್ ಆದ ಮೇಲೆ ಆರಿತು. ಸೈಲೆನ್ಸರ್ ಬಾಯಿಗೆ ಕೈಯೊಡ್ಡಿದರೆ ಬರೀ ಹಬೆ. ಟೈರಿನ ಪಕ್ಕದಲ್ಲಿ ಅಚ್ಚಾಗಿದ್ದ ನಾಲ್ಕು ಅಂಕಿ 3114. ಅಂದರೆ 2014ರ 31ನೇ ವಾರದಲ್ಲಿ ಮಾಡಿದ್ದು. ಪಟ್ಟೆ ಎಷ್ಟೇ ಉಳಿದಿರಲಿ, ಹತ್ತು ವರ್ಷದ ರಬ್ಬರಿನ ಮೇಲೆ ಇಂಥ ಕಾರನ್ನು ಓಡಿಸುವಂತಿಲ್ಲ. ಮುಂದಿನ, ಹಿಂದಿನ ಟೈರುಗಳ ಅಳತೆ ಬೇರೆ, ಅದಲುಬದಲು ಮಾಡಿ ಸವೆತ ಹಂಚಲೂ ಆಗುವುದಿಲ್ಲ. ಹೊಸ ನಾಲ್ಕು ಟೈರು ಎಂದು ಬರೆದುಕೊಂಡೆವು.

ಓಡಿಸುವ ಸರದಿ ಹುಡುಗನದು. ಅವನು ಡ್ರೈವಿಂಗ್ ಕಲಿತದ್ದು ದೊಡ್ಡಬಳ್ಳಾಪುರದ ಡ್ರೈವಿಂಗ್ ಸ್ಕೂಲಿನ ಮಾರುತಿ 800ರಲ್ಲಿ. ಏರಿನಲ್ಲಿ ಹಾಫ್ ಕ್ಲಚ್ ಹಿಡಿದು ಗಾಡಿ ಹಿಂದೆ ಜಾರದಂತೆ ನಿಲ್ಲಿಸುವುದು ಅವನ ಕಾಲಿಗೆ ಬಂದದ್ದು ಅಲ್ಲೇ. ಇಲ್ಲಿ ಬೆಳೆದ ಅವನ ಗೆಳೆಯರಲ್ಲಿ ಬಹಳ ಮಂದಿಗೆ ಗೇರ್ ಗಾಡಿ ಬರುವುದಿಲ್ಲ. ಆ ಕಾಲು ಅವತ್ತು ಉಪಯೋಗಕ್ಕೆ ಬಂತು. ಹೆದ್ದಾರಿಯಲ್ಲಿ ಐದನೇ ಗೇರಿನಲ್ಲಿ ನಿಧಾನಕ್ಕೆ ಹೋಗುತ್ತಾ ಎಕ್ಸಲೇಟರನ್ನು ಪೂರ್ತಿ ಒತ್ತು ಎಂದೆ. ಕ್ಲಚ್ ಸವೆದಿದ್ದರೆ ಇಂಜಿನ್ ಕೂಗು ಮೇಲೇರುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಇಲ್ಲಿ ಎರಡೂ ಜೊತೆಜೊತೆಗೆ ಏರಿದವು. ಆದರೆ ಎರಡರಿಂದ ಮೂರಕ್ಕೆ ಜೋರಾಗಿ ಹಾಕಿದಾಗ ಕರ್ರ್ ಎಂದು ಒಂದು ಸಣ್ಣ ತಕರಾರು. ಆರಂಭದ ವರ್ಷಗಳ ಗೇರ್ ಬಾಕ್ಸಿಗೆ ಇರುವ ಸಿಂಕ್ರೊ ದೋಷ ಇದು. ನಿಧಾನವಾಗಿ ಹಾಕಿದರೆ ತಕರಾರಿಲ್ಲ. ಹುಡುಗ ತಾನಾಗಿಯೇ ಹೇಳಿದ, ‘ಮಾವ, ಮೂರನೇದು ಒಂಚೂರು ಕಚ್ಚುತ್ತೆ.’ ಅವನ ಕಣ್ಣಿನ ಪೊರೆ ಕಳಚಿ ಕಿವಿ ತೆರೆದದ್ದು ಆಗಲೇ.

ಇಷ್ಟಾದರೂ ನಮ್ಮ ನೋಟವನ್ನೇ ನಂಬಿ ದುಡ್ಡು ಕೊಡಲಿಲ್ಲ. ಮಾರುವವರಿಗೂ ನಮಗೂ ಸಂಬಂಧವಿಲ್ಲದ ಒಬ್ಬ ಮೆಕ್ಯಾನಿಕ್ ಹತ್ತಿರ ಒಯ್ದು 180 ಡಾಲರ್ ಕೊಟ್ಟು ಲಿಫ್ಟಿಗೆ ಏರಿಸಿ ನೋಡಿಸಿದೆವು. ಓಹಾಯೊದಲ್ಲಿ ಚಳಿಗಾಲ ಪೂರ್ತಿ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಅದು ಗಾಡಿಯ ತಳವನ್ನು ತಿನ್ನುತ್ತದೆ. ಮೇಲೆ ಕನ್ನಡಿಯಂತಿರುವ ಕಾರಿನ ಕೆಳಗೆ ಬ್ರೇಕ್ ಪೈಪು ಪುಡಿಪುಡಿಯಾಗಿರುವುದನ್ನು ನಾನೇ ನೋಡಿದ್ದೇನೆ. ಇದರ ತಳದಲ್ಲಿ ಮೇಲ್ಮೈ ತುಕ್ಕಿತ್ತು, ತೂತು ಇರಲಿಲ್ಲ. ಮೆಕ್ಯಾನಿಕ್ ಇಗ್ನಿಷನ್ ಕಾಯಿಲ್ ಒಂದೊಂದಾಗಿ ಎತ್ತಿ ಟಾರ್ಚ್ ಹಾಕಿದರು. ಬಲಗಡೆಯ ಎರಡು ಪ್ಲಗ್ ಗುಂಡಿಗಳಲ್ಲಿ ಆಯಿಲ್ ನಿಂತಿತ್ತು, ಎಡಗಡೆಯ ಒಂದರಲ್ಲಿ ಜಿನುಗು. ಈ ಇಂಜಿನ್ನಿನಲ್ಲಿ ಪ್ಲಗ್ ಗುಂಡಿಯ ಸೀಲು ವಾಲ್ವ್ ಕವರಿಗೇ ಸೇರಿಕೊಂಡಿರುವುದರಿಂದ ಇಡೀ ಕವರನ್ನೇ ಬದಲಿಸಬೇಕು.

ಟೈರು, ವಾಲ್ವ್ ಕವರು, ಮೂರನೇ ಗೇರು. ಮೂರನ್ನೂ ಹಾಳೆಯ ಮೇಲೆ ಬರೆದು ಆಕೆಯ ಮುಂದಿಟ್ಟೆವು. ಜಗ್ಗಾಡಲಿಲ್ಲ, ಏರುದನಿ ಇಲ್ಲ. ಕೇಳಿದ್ದು 6,900, ಕುದುರಿದ್ದು 6,000. ಕೊಳ್ಳುವ ಮುಂಚೆ ಇನ್ನೆರಡು ಕೆಲಸ ಬಾಕಿ ಇದ್ದವು. ಕಾರಿನ ಹದಿನೇಳು ಅಕ್ಷರ-ಅಂಕಿಗಳ ವಿಐಎನ್ ಹಾಕಿ ಹೆದ್ದಾರಿ ಸುರಕ್ಷತಾ ಇಲಾಖೆಯ ಜಾಲತಾಣದಲ್ಲಿ ಬಾಕಿ ರೀಕಾಲ್ ಇದೆಯೇ ಎಂದು ನೋಡುವುದು ಒಂದು. ಇದು ಪುಕ್ಕಟೆ, ಯಾವ ಹಳೇ ಕಾರಿಗೂ ಬಿಡಬಾರದು. ಟಕಾಟಾ ಏರ್‌ಬ್ಯಾಗ್ ಸಿಡಿದು ಲೋಹದ ಚೂರು ಹಾರುವ ದೋಷಕ್ಕೆ ಆರ್‌ಎಕ್ಸ್-8, ಇ46 ಎರಡೂ ಸಿಕ್ಕಿಕೊಂಡಿದ್ದವು. ಇನ್ನೊಂದು, ಅದೇ ವಿಐಎನ್ ಕೊಟ್ಟು ಇನ್ಶೂರೆನ್ಸ್ ಎಷ್ಟಾಗುತ್ತದೆಂದು ಮೊದಲೇ ಕೇಳುವುದು. ವಯಸ್ಸು ಇಪ್ಪತ್ತೈದು, ಅಮೆರಿಕದ ಲೈಸೆನ್ಸು ಹೊಸದು, ಕಾರು ಎರಡು ಸೀಟಿನ ಸ್ಪೋರ್ಟ್ಸು ಎಂದರೆ ಕಂತು ಏರುತ್ತದೆ. ಕಾರು ಮನೆಗೆ ತಂದ ಮೇಲೆ ಇದನ್ನು ತಿಳಿದು ಮಾರಿಕೊಂಡ ಹುಡುಗರನ್ನು ಕಂಡಿದ್ದೇನೆ. ಓಹಾಯೊದಲ್ಲಿ ಮಾಲೀಕತ್ವದ ಟೈಟಲ್ ಪತ್ರಕ್ಕೆ ಮಾರುವವರು ನೋಟರಿಯ ಮುಂದೆ ಸಹಿ ಹಾಕಬೇಕು. ಬ್ಯಾಂಕಿನಲ್ಲೇ ನೋಟರಿ ಇದ್ದರು, ಹತ್ತು ನಿಮಿಷದ ಕೆಲಸ. ಪತ್ರದಲ್ಲಿ ‘ಸಾಲ್ವೇಜ್’, ‘ರೀಬಿಲ್ಟ್’ ಎಂಬ, ಅಂದರೆ ಹಿಂದೆ ಪೂರ್ತಿ ಜಖಂ ಆದ ಗಾಡಿಯೆಂಬ, ಮುದ್ರೆ ಇಲ್ಲದ್ದನ್ನು ಎರಡು ಸಲ ನೋಡಿಕೊಂಡೆವು.

ಮೊದಲ ತಿಂಗಳಲ್ಲಿ ಆಯಿಲು, ಗೇರ್ ಆಯಿಲು, ಬ್ರೇಕ್ ಆಯಿಲು, ಕೂಲೆಂಟ್ ಎಲ್ಲ ಬದಲಿಸಿದೆವು. ಹೊಸ ಗೇರ್ ಆಯಿಲ್ ಬಿದ್ದ ಮೇಲೆ ಮೂರನೇ ಗೇರು ಸ್ವಲ್ಪ ಮೆತ್ತಗಾಗಿದೆ, ವಾಸಿಯಾಗಿಲ್ಲ. ನಾಲ್ಕು ಟೈರಿಗೆ 700 ಡಾಲರ್ ಹೋಯಿತು. ಹಿಂದಿನ ಚಕ್ರ ತಿರುಗಿಸುವ ಕಾರಾದ್ದರಿಂದ ಬೇಸಿಗೆ ಟೈರಿನಲ್ಲಿ ಹಿಮದ ಮೇಲೆ ಹೊರಟರೆ ಗಿರಕಿ ಹೊಡೆಯುತ್ತದೆ. ನವೆಂಬರ್ ಒಳಗೆ ಚಳಿಗಾಲದ ಟೈರುಗಳನ್ನು ಸೆಕೆಂಡ್ ಹ್ಯಾಂಡಿನಲ್ಲಿ ಹುಡುಕಬೇಕು, ಅದಕ್ಕೆಂದು ದುಡ್ಡು ಬೇರೆ ಎತ್ತಿಟ್ಟಿದ್ದಾನೆ. ಬಲಗಡೆಯ ವಾಲ್ವ್ ಕವರನ್ನು ನಮ್ಮ ಗ್ಯಾರೇಜಿನಲ್ಲಿ ಅವನೇ ಬಿಚ್ಚಿ ಕೂರಿಸಿದ. ಒಂದಿಡೀ ಭಾನುವಾರ ಹಿಡಿಯಿತು, ರಸೀತಿ ನೀಲಿ ಫೈಲಿಗೆ ಸೇರಿತು. ಎಡಗಡೆಯದಕ್ಕೆ ಇಂಜಿನ್ನಿಗೆ ಗಾಳಿ ಹಂಚುವ ಮೇಲಿನ ಪ್ಲೀನಮ್ ಪೂರ್ತಿ ತೆಗೆಯಬೇಕು, ಗ್ಯಾಸ್ಕೆಟ್ ಇನ್ನೂ ಬಂದಿಲ್ಲ. ಬಂದ ಕೂಡಲೇ ಒಂದು ಶನಿವಾರ ಬೆಳಿಗ್ಗೆ ಏಳಕ್ಕೇ ಶುರು ಮಾಡೋಣ ಎಂದಿದ್ದಾನೆ.